ಗುಂಡಿನ ದಾರ

ಬೆಟಗೇರಿ ಮನಿಯ ಹಿಂದಿನ ಪಡಸಾಲಿ, ಆಯ್ತವಾರ ಮುಂಜಾನೆ.
ಎರಡು ಜ್ವಾಳದ ಚೀಲದ ನಡುವ ಮಲಗಿಸಿದ ಛರ್ರೆ ಬಂದೂಕು,
ಹೊಟ್ಟಿ ಖಾಲಿ, ಕುದುರಿ ತಣ್ಣಗ.
ಬೆನ್ನ ಮ್ಯಾಲೆ ಹೊಸಾ ದುರ್ಬೀನು,
ಝೆರಾಕ್ಸ್ ಅಂಗಡ್ಯಾಗ ಏಳು ತಿಂಗಳು ನಿಂತ ಪಗಾರ.

ಬೆರಳಷ್ಟು ರಸಮಟ್ಟ ಇಟ್ಟು ನೋಡಿದೆ.
ಬಂದೂಕಿನ ಬೆನ್ನ ಮ್ಯಾಲೆ ಗುಳ್ಳಿ ನಡುವ ಕೂಡತೈತಿ,
ದುರ್ಬೀನಿನ ಟೊಪ್ಪಿಗಿ ಮ್ಯಾಲೆ ಎಡಕ್ಕ ಓಡತೈತಿ.
ತಿರುವಿ ಸರಿ ಮಾಡಿ ಸ್ಕ್ರೂ ಬಿಗದರ
ದುರ್ಬೀನೂ ಸ್ಕ್ರೂ ಜೋಡಿ ಕೂದಲೆಳಿಯಷ್ಟು ತಿರುಗತೈತಿ,
ಸಂತ್ಯಾಗ ಕೈ ಹಿಡದ ಕೂಸು
ಮಿಠಾಯಿ ಕಡೆ ವಾಲಿದಂಗ.

ನಾಕ ಸಲ ಬಿಚ್ಚಿದೆ. ನಾಕ ಸಲ ಬಿಗದೆ.
ಇಪ್ಪತ್ತು ಹೆಜ್ಜಿಗೆ ಇದೇನೂ ಕಾಣೂದಿಲ್ಲ ಬಿಡ್ರಿ.
ಐವತ್ತಕ್ಕ ಹೋದರ, ಎತ್ತರಕ್ಕಂತ ತಿರುವಿದ ಒಂದೊಂದು ಟಿಕ್ಕೂ
ಛರ್ರೆಯನ್ನ ಒಂಚೂರು ಒಂಚೂರು ಬಲಕ್ಕ ಸರಿಸತೈತಿ,
ನಾನು ಗಾಳಿಯನ್ನ ಬೈತೀನಿ,
ಉಸಿರನ್ನ ಬೈತೀನಿ,
ಬೈಬಾರದವರನ್ನೂ ಬೈತೀನಿ.

ಅಪ್ಪ ಬಾಗಲದಾಗ ಕುಂತು ತಂಬಾಕ ತಿಕ್ಕೋತ ನೋಡತಿದ್ದ.
ದ್ಯಾಮಪ್ಪ ಗೌಂಡಿ. ಗದಗಿನ್ಯಾಗ ಅಂವ ಏರಿಸಿದ ಗ್ವಾಡಿ
ಸಾಲಾಗಿ ಹಚ್ಚಿದರ ಒಂದು ಓಣಿ ಆದೀತು.
"ಎದರ ಮ್ಯಾಲಿಟ್ಟೀ ಮಟ್ಟಾ?"
"ಟೊಪ್ಪಿಗಿ ಮ್ಯಾಲೆ."
"ಟೊಪ್ಪಿಗಿ ನೆಟ್ಟಗಿದ್ದರ
ಒಳಗಿನಾಂವ ನೆಟ್ಟಗ ಇರತಾನೇನವಾ?"

ಎದ್ದು ಹೋದ. ಕರಣಿ, ಸುಣ್ಣ ಹಿಡದ ಬುಟ್ಟಿ ಅತ್ತಾಗ ಸರಿಸಿ
ತಂದ ಹಿತ್ತಾಳಿ ಗುಂಡು,
ಅದರ ದಾರಕ್ಕ ಮೂವತ್ತು ವರ್ಷದ ಸಿಮೆಂಟಿನ ಬಣ್ಣ.
"ನಿನ್ನ ಗುಂಡು ಓಡೂದು. ನನ್ನದು ನಿಲ್ಲೂದು."

ಹಿತ್ತಲದ ತುದಿಗೆ ಬೇವಿನ ಟೊಂಗಿಗೆ ಕಟ್ಟಿದ.
ಕಪ್ಪತಗುಡ್ಡದ ಕಡೆಯಿಂದ ಆಷಾಢದ ಗಾಳಿ,
ಗುಂಡು ತೊಟ್ಟಿಲಾತು.
ನಾ ನಕ್ಕೆ.
ಅಂವ ಬಕೀಟಿನ್ಯಾಗ ನೀರು ತಂದು
ಗುಂಡನ್ನ ಅದರಾಗ ಮುಳುಗಿಸಿದ.
ನೀರು ಹಿಡಕೊಂತು. ದಾರ ನಿಂತು ಬಿಡ್ತು.

ಆಜೂಬಾಜೂದ ತುಳಜಾಸಾ ಮಗ್ಗ ನಿಲ್ಲಿಸಿ ಇಣುಕಿದ.
"ಯಾರಿಗಿಟ್ಟಾಳಪಾ ಗುರಿ?"
"ದಾರಕ್ಕ."
"ಹಂಗಾದರ ನನ್ನ ಹೊಟ್ಟಿಗೇ ಹೊಡೀತಾಳ," ಅಂದು
ಮತ್ತ ಲಾಳಿ ಒಗದ.

ಕಣ್ಣಿಟ್ಟೆ. ಕೂಡಿದ ಎರಡು ಕರೀ ಗೆರಿ,
ನಿಂತದ್ದು ನಿಂತ ದಾರದ ಮ್ಯಾಲೆ ಕೂಡಬೇಕು.
ಈ ಕಡೆ ಸ್ಕ್ರೂ ಕಾಲು ಸುತ್ತು, ಆ ಕಡೆದು ಕಾಲು ಸುತ್ತು,
ಎರಡು ಹೆಂಡರ ಮನ್ಯಾಗಿನ ಗಂಡನಂಗ
ಯಾರಿಗೂ ಹೆಚ್ಚಾಗದಂಗ.
ಗೆರಿ ಸರೀತು, ಸರೀತು,
ದಾರದ ಬೆನ್ನಿಗೆ ಬೆನ್ನು ಹಚ್ಚಿತು.
ದಾರ ಕಾಣದಂಗಾತು.

ಆಗ ಕಂಡದ್ದು,
ದಾರದ ಹಿಂದ, ಒಂಬತ್ತು ಪಟ್ಟು ಹತ್ತರ ಬಂದು ನಿಂತ
ನಮ್ಮ ಬಚ್ಚಲದ ಮೂಲಿ.
ಕೆಳಗ ಗೆರಿಗೆ ತಾಗಿ,
ಮ್ಯಾಲೆ ಎರಡು ಬೆರಳು ಹೊರಗ.

ಇಪ್ಪತ್ತೆರಡು ವರ್ಷ ಅದರಾಗ ಜಳಕಾ ಮಾಡೀನಿ.
ಒಂದು ದಿನಾನೂ ವಾಲಿದ್ದು ಅನಿಸಿಲ್ಲ.

"ಏನ ಕಾಣತೈತಿ?"
"ದಾರ," ಅಂದೆ.
ಅಂವ ಮೊಣಕಾಲೂರಿ ಬಾಗಿದ,
ಕನ್ನಡಕ ಹಣಿಗೇರಿಸಿ ಕಣ್ಣಿಟ್ಟ.
ಎದ್ದೇಳವಲ್ಲ.
ಲಾಳಿ ಸದ್ದು ಎಣಿಸಿದೆ, ನಲವತ್ತರ ಮ್ಯಾಲೆ ಬಿಟ್ಟೆ.

"ನಿಮ್ಮವ್ವ ಸೀರಿ ಮರಿ ಕಟ್ಟಿಕೊಂಡು ಜಳಕಾ ಮಾಡತಿದ್ಲು.
ನೀ ಹೊಟ್ಯಾಗ.
ಹಗಲೆಲ್ಲಾ ಮಂದಿ ಗ್ವಾಡಿ,
ರಾತ್ರಿ ಕಂದೀಲ ಹಿಡದು ಆಕೀನ ನಿಂತಿದ್ಲು.
ನಿದ್ದಿಗಣ್ಣಾಗ ಆಕಿ ವಾಲಿದಂಗ ಬೆಳಕೂ ವಾಲತಿತ್ತು.
ನಾ ಬೆಳಕಿಗೆ ಸರಿಯಾಗಿ ಇಟ್ಟೆ ಇಟ್ಟಂಗಿ."

ಬಕೀಟಿನ ನೀರು ಬೇವಿನ ಬುಡಕ್ಕ ಹೊಯ್ದ.
ಗುಂಡು ಧೋತರದಿಂದ ಒರಸಿ ದಾರ ಸುತ್ತಿದ,
ಬಚ್ಚಲ ಗ್ವಾಡಿ ಹಾದು ಹೋಗುಮುಂದ
ಅದರ ಮೈಮ್ಯಾಲೆ ಅಂಗೈ ಇಟ್ಟ,
ಎತ್ತಿನ ಪಕ್ಕಿಗೆ ಇಟ್ಟಂಗ.
ಹೊಳ್ಳಿ ನೋಡದನ ಅಂದ:
"ಆ ಕಡಿ ಸ್ಕ್ರೂ
ಇನ್ನೂ ಅರ್ಧ ಸುತ್ತು ಬಾಕಿ ಐತಿ ನೋಡು."